ಸಿಂಗಪುರಕ್ಕೆ ಹೊಸದಾಗಿ ಬಂದ ತಂಗಿಗೆ, ಇಲ್ಲಿನ ಇಂಗ್ಲಿಷಿನ ಬಗ್ಗೆ

ತಂಗೀ,

ನಿನ್ನ ಪತ್ರ ಓದಿದೆ. ಅಕ್ಕಾ ಎಂದು ಕರೆದಿದ್ದೀಯ, ಹಾಗಾಗಿ ‘ನೀವು’ ಬಿಟ್ಟು ‘ನೀನು’ ಎಂದೇ ಬರೆಯುತ್ತೇನೆ. ಎಲ್‌ಕೆಜಿಯಿಂದ ಇಂಗ್ಲಿಷ್ ಮಾಧ್ಯಮ, ಕೆಲಸವೂ ಇಂಗ್ಲಿಷಿನಲ್ಲೇ. ಆದರೂ ಸಿಂಗಪುರಕ್ಕೆ ಬಂದಮೇಲೆ ಹಾಕರ್ ಸೆಂಟರಿನ (ಊಟದಂಗಡಿಗಳ ಸಾಲಿನ) ಕೌಂಟರಿನಲ್ಲಿ ಏನು ಕೇಳುತ್ತಿದ್ದಾರೆಂದು ತಿಳಿಯುತ್ತಿಲ್ಲ, ಆಫೀಸಿನಲ್ಲಿ ಹೇಳಿದ್ದನ್ನೇ ಎರಡೆರಡು ಸಲ ಹೇಳಿಸುತ್ತಾರೆ, ಮೀಟಿಂಗಿನಲ್ಲಿ ಬಾಯಿ ತೆರೆಯುವುದಕ್ಕೇ ಹಿಂಜರಿಕೆಯಾಗುತ್ತಿದೆ ಎಂದು ಬರೆದಿದ್ದೀಯ. ಉಚ್ಚಾರಣೆ ತಿದ್ದುವ ತರಗತಿಗೆ ದುಡ್ಡು ಕಟ್ಟಲೇ ಎಂದು ಕೇಳಿದ್ದೀಯ. ಮಗಳು ಶಾಲೆಯಿಂದ ‘ಕೆಟ್ಟ ಇಂಗ್ಲಿಷ್’ ಹೊತ್ತು ತರುತ್ತಿದ್ದಾಳೆ, ತಡೆಯಲೇ ಎಂದಿದ್ದೀಯ. ಕೊನೆಗೆ, ಎರಡನೇ ಭಾಷೆಯಾಗಿ ಅವಳಿಗೆ ಹಿಂದಿಯೋ ತಮಿಳೋ ಎಂದು. ಮನೆ ಬಾಡಿಗೆ, ಎಂಆರ್‌ಟಿ ರೈಲಿನ ಕಾರ್ಡು, ಬ್ಯಾಂಕ್ ಖಾತೆ ಇಂಥವನ್ನು ಯಾರಾದರೂ ಹೇಳಿಕೊಡುತ್ತಾರೆ. ಮಾತಿನ ವಿಷಯವನ್ನು ಯಾರೂ ಕೂತು ಹೇಳುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಕಿವಿಯ ಕೆಲಸ. ಇಲ್ಲಿನವರು ಆಡುತ್ತಿರುವುದು ಅರೆಬರೆ ಕಲಿತ ಇಂಗ್ಲಿಷ್ ಎಂಬ ಎಣಿಕೆಯನ್ನು ಇವತ್ತೇ ಬಿಟ್ಟುಬಿಡು. ಅದು ಸಿಂಗ್ಲಿಷ್, ಸಿಂಗಪುರದ ಆಡುಮಾತಿನ ಇಂಗ್ಲಿಷ್. ಅದಕ್ಕೆ ತನ್ನದೇ ವ್ಯಾಕರಣ ಇದೆ, ಮತ್ತು ಆ ವ್ಯಾಕರಣ ಹಿಡಿಯುವುದಕ್ಕೆ ನಿನ್ನ ಇಂಗ್ಲಿಷ್ ಮಾಧ್ಯಮಕ್ಕಿಂತ ನಿನ್ನ ಕನ್ನಡವೇ ಹೆಚ್ಚು ನೆರವಾಗುತ್ತದೆ. ಪಕ್ಕದವಳು ‘ದಿಸ್ ಬುಕ್ ಐ ರೀಡ್ ಆಲ್‌ರೆಡಿ’ ಅಂದರೆ ನಮ್ಮ ಶಾಲೆಯ ವ್ಯಾಕರಣ ಪುಸ್ತಕಕ್ಕೆ ಅದು ತಪ್ಪು. ಕನ್ನಡದ ಕಿವಿಗೆ? ‘ಈ ಪುಸ್ತಕ ನಾನು ಓದಿ ಆಯ್ತು.’ ಯಾವುದರ ಬಗ್ಗೆ ಮಾತೋ ಅದನ್ನು ಮೊದಲಿಗೆ ಇಟ್ಟು, ಕೆಲಸ ಮುಗಿಯಿತು ಎನ್ನುವುದನ್ನು ಕೊನೆಗೆ ಹೇಳುವ ಅದೇ ಕ್ರಮ. ‘ಶಿ ವೆರಿ ಕ್ಲೆವರ್’ ಎಂದರೆ ನಡುವಿನ ಕ್ರಿಯಾಪದ ಎಲ್ಲಿ ಹೋಯಿತು ಎಂದು ನೀನು ಹುಡುಕುತ್ತೀಯ. ‘ಅವಳು ತುಂಬಾ ಜಾಣೆ’ ಎನ್ನುವಾಗ ನಾವು ಯಾವ ಕ್ರಿಯಾಪದ ಹಾಕುತ್ತೇವೆ? ‘ಕ್ಯಾನ್ ಆರ್ ನಾಟ್?’ ಎಂದು ಕೇಳಿದರೆ ‘ಆಗುತ್ತೋ ಇಲ್ಲವೋ’ ಅಷ್ಟೆ. ‘ಕ್ಯಾನ್’ ಎಂದರೆ ‘ಆಗುತ್ತೆ’. ಯಾರಿಗೆ, ಏನು ಎಂಬುದೆಲ್ಲ ಸಂದರ್ಭಕ್ಕೆ ಬಿಟ್ಟದ್ದು, ನಮ್ಮಲ್ಲಿ ಹೇಗೋ ಹಾಗೆ.

ಇದು ಕನ್ನಡದಿಂದ ಬಂದದ್ದೇನಲ್ಲ, ನಿಜ. ಹೊಕ್ಕಿಯೆನ್, ಟಿಯೋಚ್ಯೂ, ಕ್ಯಾಂಟನೀಸ್ ಮುಂತಾದ ಚೀನೀ ನುಡಿಗಳಿಂದ, ಮಲಯ್ ಭಾಷೆಯಿಂದ, ಒಂದಿಷ್ಟು ತಮಿಳಿನಿಂದ ಬಂದದ್ದು. ‘ಹಿಯರ್ ಗಾಟ್ ಟಾಯ್ಲೆಟ್?’ ಎನ್ನುವಲ್ಲಿನ ‘ಗಾಟ್’ ನಮ್ಮ ‘ಇದೆ’ ಮಾಡುವ ಕೆಲಸವನ್ನೇ ಮಾಡುತ್ತದೆ. ಮಲಯ್ ಭಾಷೆಯಲ್ಲಿ ‘ಅದಾ’ ಎಂಬ ಒಂದೇ ಪದ ‘ಇದೆ’ಗೂ ‘ಹೊಂದಿರು’ವುದಕ್ಕೂ ಸಲ್ಲುತ್ತದೆ, ಚೀನೀ ಭಾಷೆಯಲ್ಲೂ ಹಾಗೇ. ಕೌಂಟರಿನಲ್ಲಿ ನಿನ್ನನ್ನು ಕೇಳಿದ್ದು ಬಹುಶಃ ‘ಹ್ಯಾವಿಂಗ್ ಹಿಯರ್? ದಪಾವ್?’ ಎಂದು. ಇಲ್ಲೇ ತಿನ್ನುತ್ತೀಯೋ ಕಟ್ಟಿಕೊಡಲೋ ಎಂದರ್ಥ. ಹಿಂದೆ ಸಾಲು ಬೆಳೆದಿರುತ್ತದೆ, ಅವರಿಗೂ ಪುರುಸೊತ್ತಿಲ್ಲ. ಆ ಗಡಸು ದನಿ ನಿನ್ನ ಮೇಲಿನ ಸಿಟ್ಟಲ್ಲ.

ಇನ್ನು ವಾಕ್ಯದ ಬಾಲಕ್ಕೆ ಬರುವ ‘ಲಾ’, ‘ಲೋರ್’, ‘ಮೆ’, ‘ಹೊರ್’, ‘ಲೇ’. ಹೊಸಬರು ಇವನ್ನು ಸುಮ್ಮನೆ ಸೇರಿಸುವ ಸದ್ದು ಎಂದುಕೊಳ್ಳುತ್ತಾರೆ. ಇಡೀ ಮಾತಿನ ಭಾವ ಇರುವುದೇ ಅಲ್ಲಿ. ‘ಬರ್ತೀನಿ ಕಣೇ’, ‘ಬರ್ತೀನಿ ಬಿಡು’, ‘ಬರ್ತೀನಲ್ಲಾ’, ‘ಬರ್ತೀನಿ ತಾನೇ’ ಇವುಗಳ ನಡುವಿನ ವ್ಯತ್ಯಾಸವನ್ನು ಒಬ್ಬ ಪರಭಾಷಿಕನಿಗೆ ವಿವರಿಸಿ ನೋಡು, ಎಷ್ಟು ಸೂಕ್ಷ್ಮ ಎಂದು ತಿಳಿಯುತ್ತದೆ. ‘ಕ್ಯಾನ್ ಲಾ’ ಎಂದರೆ ಆಗುತ್ತೆ ಬಿಡು, ಚಿಂತೆ ಮಾಡಬೇಡ. ‘ಕ್ಯಾನ್ ಹೊರ್?’ ಎಂದರೆ ಆಗುತ್ತೆ ತಾನೇ. ‘ಕ್ಯಾನ್ ಮೆ?’ ಎಂದರೆ ನಿಜವಾಗಿಯೂ ಆಗುತ್ತಾ, ನನಗೇಕೋ ನಂಬಿಕೆ ಇಲ್ಲ. ‘ಕ್ಯಾನ್ ಲೋರ್’ ಎಂದರೆ ಆಗುತ್ತೆ, ಆಗದೆ ಇನ್ನೇನು. ನಿನ್ನ ಮ್ಯಾನೇಜರ್ ಒಂದು ಕೆಲಸಕ್ಕೆ ‘ಲಾ’ ಸೇರಿಸಿ ಒಪ್ಪಿದಳೋ ‘ಲೋರ್’ ಸೇರಿಸಿಯೋ ಎಂಬುದನ್ನು ಗಮನಿಸು. ಎರಡನೆಯದಾದರೆ ಅವಳಿಗೆ ಮನಸ್ಸಿಲ್ಲ, ಬೇರೆ ದಾರಿ ಕಾಣದೆ ಒಪ್ಪಿದ್ದಾಳೆ. ಇಷ್ಟು ತಿಳಿದರೆ ಎಷ್ಟೋ ಮನಸ್ತಾಪ ತಪ್ಪುತ್ತದೆ. ಆದರೆ ನೀನು ಇವನ್ನು ಈಗಲೇ ಬಳಸಲು ಹೋಗಬೇಡ. ತಪ್ಪು ಜಾಗದಲ್ಲಿ ಬಿದ್ದ ‘ಲಾ’ ಅಣಕದಂತೆ ಕೇಳಿಸುತ್ತದೆ. ಜೊತೆಗಿದ್ದು ಜೊತೆಗಿದ್ದು ತಾನಾಗಿ ನಾಲಿಗೆಗೆ ಬಂದಾಗ ಬರಲಿ.

ಕೆಲವು ಮಾತುಗಳು ಪರಿಚಿತವಾಗಿ ಕಂಡು ದಾರಿ ತಪ್ಪಿಸುತ್ತವೆ. ‘ಲಾಸ್ಟ್ ಟೈಮ್’ ಎಂದರೆ ಇಲ್ಲಿ ಹೋದ ಸಲ ಅಲ್ಲ, ಹಿಂದೆಲ್ಲ, ಒಂದು ಕಾಲದಲ್ಲಿ ಎಂದು. ‘ಯು ಫಾಲೋ ಮಿ’ ಎಂದರೆ ಹಿಂದೆ ಹಿಂದೆ ಬಾ ಎಂಬ ಅಪ್ಪಣೆಯಲ್ಲ, ನನ್ನ ಜೊತೆ ಬಾ ಎಂಬ ಕರೆ. ‘ಐ ಸೆಂಡ್ ಯು ಹೋಮ್’ ಎಂದರೆ ಮನೆತನಕ ಬಿಟ್ಟು ಬರುತ್ತೇನೆ ಎಂಬ ಪ್ರೀತಿ. ಅದೇ ಹೊತ್ತಿಗೆ, ಇನ್ನು ಕೆಲವು ಮಾತು ನಮ್ಮಲ್ಲೂ ಇಲ್ಲೂ ಒಂದೇ: ‘ಆನ್ ದ ಫ್ಯಾನ್’, ‘ವೇರ್ ಯು ಸ್ಟೇ?’, ಮೇಲ್‌ಗೆ ಉತ್ತರಿಸಿ ಎನ್ನುವುದಕ್ಕೆ ‘ಪ್ಲೀಸ್ ರಿವರ್ಟ್’, ಗುರುತಿಲ್ಲದ ಹಿರಿಯರನ್ನು ‘ಅಂಕಲ್’, ‘ಆಂಟಿ’ ಎಂದು ಕರೆಯುವುದು. ಲಂಡನ್ನಿನಿಂದ ಬಂದವರಿಗೆ ಇವು ವಿಚಿತ್ರ. ನಿನಗೂ ನಿನ್ನ ಮಲಯ್ ಸಹೋದ್ಯೋಗಿಗೂ ಸಹಜ.

ಹೀಗಾಗಿದ್ದಕ್ಕೆ ಚರಿತ್ರೆಯ ಕಾರಣ ಇದೆ. 1819ರಲ್ಲಿ ಸ್ಟ್ಯಾಂಫರ್ಡ್ ರಾಫಲ್ಸ್ ಇಲ್ಲಿ ಬಂದಿಳಿದದ್ದು ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿ. 1826ರಲ್ಲಿ ಪಿನಾಂಗ್, ಮಲಾಕ, ಸಿಂಗಪುರ ಮೂರನ್ನೂ ಸೇರಿಸಿ ‘ಸ್ಟ್ರೇಟ್ಸ್ ಸೆಟಲ್‌ಮೆಂಟ್ಸ್’ ಎಂದು ಮಾಡಿದರು. 1867ರಲ್ಲಿ ನೇರವಾಗಿ ಬ್ರಿಟಿಷ್ ಸರ್ಕಾರದ ಕೈಗೆ ಹೋಗುವ ತನಕ ಇವುಗಳ ಆಡಳಿತ ನಡೆದದ್ದು ಭಾರತದ ಆಡಳಿತದ ಭಾಗವಾಗಿ, ಕಲ್ಕತ್ತೆಯ ಕೈಕೆಳಗೆ. ಇಲ್ಲಿನ ಕಚೇರಿಗಳ ಗುಮಾಸ್ತರಲ್ಲಿ, ಇಂಗ್ಲಿಷ್ ಶಾಲೆಗಳ ಮೇಷ್ಟ್ರುಗಳಲ್ಲಿ ಭಾರತದವರೂ ಸಿಂಹಳದವರೂ ಬಹಳ ಮಂದಿ. ಅಂದರೆ ಇಲ್ಲಿನ ಮಕ್ಕಳು ಮೊದಲಿಗೆ ಕಿವಿಯಾರೆ ಕೇಳಿದ ಇಂಗ್ಲಿಷ್ ಬರೀ ಇಂಗ್ಲೆಂಡಿನದಾಗಿರಲಿಲ್ಲ. ನಮ್ಮ ಕಡೆಯ ನಾಲಿಗೆಯಿಂದಲೂ ಬಂದದ್ದಾಗಿತ್ತು. ನೀನು ರೈಲು ಬದಲಿಸುವ ಧೋಬಿ ಘಾಟ್ ನಿಲ್ದಾಣದ ಹೆಸರು ಎಲ್ಲಿಂದ ಬಂತೆಂದು ನಿನಗೆ ಯಾರೂ ಹೇಳಬೇಕಿಲ್ಲ. ಈ ಊರಿನ ಇಂಗ್ಲಿಷಿಗೆ ನಾವು ಪೂರ್ತಿ ಹೊರಗಿನವರಲ್ಲ, ತಂಗಿ. ಇದು ನೆನಪಿರಲಿ ಎಂದೇ ಇಷ್ಟು ಹೇಳಿದ್ದು.

ಸದ್ದಿನ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ, ನಿನಗೆ ಅರ್ಥವಾಗದೆ ಹೋಗುವುದಕ್ಕೆ ದೊಡ್ಡ ಕಾರಣ ಅದೇ. ಕನ್ನಡದಲ್ಲಿ ಹ್ರಸ್ವ ದೀರ್ಘ ಬಹಳ ಮುಖ್ಯ. ಬಳೆ, ಬಾಳೆ ಬೇರೆ ಬೇರೆ. ಸಿಂಗ್ಲಿಷಿನಲ್ಲಿ ‘ಬಿಟ್’, ‘ಬೀಟ್’ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತವೆ. ಜೊತೆಗೆ ಪದದ ಕೊನೆಯ ವ್ಯಂಜನಗಳನ್ನು ನುಂಗುತ್ತಾರೆ: ‘ಲಾಸ್ಟ್’ ಎನ್ನುವುದು ‘ಲಾಸ್’ ಆಗುತ್ತದೆ, ‘ಬುಕ್’ ಎನ್ನುವಲ್ಲಿ ಕೊನೆಯ ಸದ್ದು ಗಂಟಲಲ್ಲೇ ನಿಲ್ಲುತ್ತದೆ. ಪದದ ಕೊನೆಗೆ ‘ಉ’ ಸೇರಿಸಿ ‘ಬುಕ್ಕು’, ‘ಬಸ್ಸು’ ಎಂದು ಮುಗಿಸುವ ಅಭ್ಯಾಸದ ನಮ್ಮ ಕಿವಿ, ಆ ಮುಕ್ತಾಯಕ್ಕಾಗಿ ಕಾಯುತ್ತಾ ಮುಂದಿನ ಪದವನ್ನು ಕಳೆದುಕೊಳ್ಳುತ್ತದೆ. ಇದಕ್ಕೆ ಔಷಧ ಒಂದೇ, ಕೇಳುತ್ತಾ ಹೋಗುವುದು. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೂರಬೇಡ. ಶಾಲಾ ಮಕ್ಕಳ ಗುಂಪಿನ ಹತ್ತಿರ ನಿಂತುಕೋ. ಕೆಲವು ವಾರಗಳಲ್ಲಿ ಕಿವಿ ತೆರೆಯುತ್ತದೆ.

ಈಗ ನಿನ್ನ ಮಾತಿಗೆ ಬರೋಣ. ಉಚ್ಚಾರಣೆಯ ತರಗತಿಗೆ ಸೇರಬೇಡ. ಅಮೆರಿಕದವರ ಹಾಗೋ ಬ್ರಿಟನ್ನಿನವರ ಹಾಗೋ ಮಾತಾಡಿಸುತ್ತೇವೆ ಎನ್ನುವವರಿಗೆ ಕೊಡುವ ದುಡ್ಡು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ನಿನ್ನ ಮೀಟಿಂಗಿನಲ್ಲಿ ಕೂರುವವರು ಸಿಂಗಪುರದವರು, ಫಿಲಿಪ್ಪೀನ್ಸಿನವರು, ಚೀನಾದವರು, ಯಾರೋ ಒಬ್ಬ ಆಸ್ಟ್ರೇಲಿಯಾದವನು. ನಾನು ಕಂಡ ಹಾಗೆ, ಇಂಥ ಮೀಟಿಂಗಿನಲ್ಲಿ ಅತಿ ಕಡಿಮೆ ಅರ್ಥವಾಗುವವನು ಹೆಚ್ಚಾಗಿ ಇಂಗ್ಲಿಷ್ ಮನೆಮಾತಾಗಿರುವವನೇ. ಅವನು ವೇಗವಾಗಿ, ತನ್ನೂರಿನ ನುಡಿಗಟ್ಟು ತುಂಬಿ ಮಾತಾಡುತ್ತಾನೆ, ಮಿಕ್ಕವರು ಕೇಳುವುದಕ್ಕೆ ಸಂಕೋಚಪಟ್ಟು ತಲೆಯಾಡಿಸುತ್ತಾರೆ.

ಬೇಕಾದದ್ದು ನಾಲ್ಕಾರು ತಿದ್ದುಪಡಿ, ಅವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಪದದ ಮೊದಲಿಗೆ ಬರುವ ಪ, ಟ, ಕ. ಇಂಗ್ಲಿಷಿನಲ್ಲಿ ಅಲ್ಲಿ ಉಸಿರು ಸೇರುತ್ತದೆ, ನಾವು ಸೇರಿಸುವುದಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪ್ಯಾಕ್’ ಎಂದು ಹೇಳು; ಅಂಗೈಗೆ ಗಾಳಿ ತಾಕಬೇಕು. ಮ್ಯಾಂಡರಿನ್ ಆಡಿ ಬೆಳೆದವರ ಕಿವಿ ಪ, ಬ ಎರಡನ್ನೂ ಬೇರ್ಪಡಿಸುವುದು ಈ ಉಸಿರಿನಿಂದಲೇ, ನಮ್ಮ ಹಾಗೆ ಗಂಟಲ ಕಂಪನದಿಂದಲ್ಲ. ಹಾಗಾಗಿ ನೀನು ಉಸಿರಿಲ್ಲದೆ ‘ಪ್ಯಾಕ್’ ಎಂದರೆ ಅವರಿಗೆ ‘ಬ್ಯಾಕ್’ ಎಂದು ಕೇಳಿಸುತ್ತದೆ, ‘ಟೌನ್’ ಎಂದದ್ದು ‘ಡೌನ್’ ಆಗುತ್ತದೆ, ‘ಕೋಲ್ಡ್’ ಎಂದದ್ದು ‘ಗೋಲ್ಡ್’. ನಿನ್ನನ್ನು ಮತ್ತೆ ಮತ್ತೆ ಕೇಳುವುದು ಬಹುಪಾಲು ಇದಕ್ಕೇ. ವಿಚಿತ್ರವೆಂದರೆ ಮಹಾಪ್ರಾಣವನ್ನು ಅಕ್ಷರಮಾಲೆಯಲ್ಲೇ ಬೇರೆ ಮಾಡಿ ಇಟ್ಟಿರುವ ಭಾಷೆ ನಮ್ಮದು; ನಿನಗೆ ಹೊಸದಾಗಿ ಕಲಿಯುವಂಥದ್ದು ಏನೂ ಇಲ್ಲ, ಇರುವುದನ್ನು ಸರಿಯಾದ ಜಾಗಕ್ಕೆ ತರಬೇಕು ಅಷ್ಟೆ. ಎರಡನೆಯದು, ಪದ ‘ಎ’ಯಿಂದ ಶುರುವಾದರೆ ‘ಯೆ’, ‘ಒ’ಯಿಂದ ಶುರುವಾದರೆ ‘ವೊ’ ಮಾಡುವುದು: ‘ಯೆಗ್ಸಾಮ್’, ‘ವೋನ್ಲಿ’. ಗಮನವಿಟ್ಟರೆ ಹೋಗುತ್ತದೆ. ಮೂರನೆಯದು ವಾಕ್ಯದಲ್ಲಿ ಯಾವ ಪದ ಮುಖ್ಯವೋ ಅದರ ಮೇಲೆ ಒತ್ತು. ನಾವು ಎಲ್ಲ ಪದಗಳನ್ನೂ ಒಂದೇ ಭಾರದಲ್ಲಿ, ಒಂದೇ ಓಟದಲ್ಲಿ ಹೇಳಿ ಮುಗಿಸುತ್ತೇವೆ. ‘ಗುರುವಾರ’ ಮುಖ್ಯವಾದರೆ ಅಲ್ಲಿ ದನಿ ಏರಲಿ, ನಂತರ ಒಂದು ಚಿಕ್ಕ ನಿಲುಗಡೆ ಇರಲಿ. ಹೌದು ಎನ್ನುವುದಕ್ಕೆ ತಲೆಯನ್ನು ಅತ್ತಿತ್ತ ಆಡಿಸಿ ಸುಮ್ಮನಾಗಬೇಡ. ಇಲ್ಲಿ ಅದು ಹೌದೋ ಅಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ, ಬಾಯಲ್ಲಿ ಹೇಳು.

ಮಿಕ್ಕದ್ದನ್ನು ಹಾಗೇ ಇಟ್ಟುಕೋ. ನಿನ್ನ ಟ, ಡ ನಾಲಿಗೆ ಮಡಿಸಿದ್ದಾಗಿರಲಿ. ‘ಥಿಂಕ್’ ಎನ್ನುವಾಗ ನಾಲಿಗೆ ಹಲ್ಲಿನ ನಡುವೆ ಬರದಿದ್ದರೂ ಪರವಾಗಿಲ್ಲ. ಇದು ನನ್ನ ಸಮಾಧಾನದ ಮಾತಲ್ಲ. ಜೆನ್ನಿಫರ್ ಜೆಂಕಿನ್ಸ್ ಎಂಬ ಬ್ರಿಟಿಷ್ ಭಾಷಾವಿದ್ವಾಂಸೆ, ಇಂಗ್ಲಿಷ್ ಮನೆಮಾತಲ್ಲದವರು ತಮ್ಮತಮ್ಮಲ್ಲಿ ಇಂಗ್ಲಿಷ್ ಆಡುವಾಗ ಅರ್ಥ ಎಲ್ಲಿ ಕೆಡುತ್ತದೆ ಎಂದು ಅಧ್ಯಯನ ಮಾಡಿ, 2000ದಲ್ಲಿ ಅಗತ್ಯವಾದವುಗಳ ಚಿಕ್ಕ ಪಟ್ಟಿಯೊಂದನ್ನು ಮುಂದಿಟ್ಟರು. ಪದದ ಮೊದಲಿನ ಪ, ಟ, ಕ ಗಳ ಉಸಿರು, ಸ್ವರದ ಉದ್ದ, ವಾಕ್ಯದ ಒತ್ತು ಅದರಲ್ಲಿವೆ. ಶಾಲೆಗಳಲ್ಲಿ ನಾಲಿಗೆ ಹೊರಳಿಸಿ ಹೊರಳಿಸಿ ಕಲಿಸುವ ಆ ‘ಥ’ ಅದರಲ್ಲಿಲ್ಲ. ಇನ್ನೊಂದು ನೋಡು. ಮಾತು ತಪ್ಪಿದರೆ ಜೀವ ಹೋಗುವ ಕೆಲಸ ವಿಮಾನ ಚಾಲಕರದು. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಅವರ ಇಂಗ್ಲಿಷನ್ನು ಆರು ಮಟ್ಟಗಳಲ್ಲಿ ಅಳೆಯುತ್ತದೆ; 2008ರ ಮಾರ್ಚ್‌ನಿಂದ ಅಂತಾರಾಷ್ಟ್ರೀಯ ಹಾರಾಟಕ್ಕೆ ಕನಿಷ್ಠ ನಾಲ್ಕನೇ ಮಟ್ಟ ಬೇಕೆಂಬ ನಿಯಮ ಬಂತು. ಅಲ್ಲಿ ಅತ್ಯುನ್ನತವಾದ ಆರನೇ ಮಟ್ಟದಲ್ಲೂ ಉಚ್ಚಾರಣೆಯಲ್ಲಿ ಮನೆಮಾತಿನ ಛಾಯೆ ಇರಬಹುದು, ಅದು ಅರ್ಥಕ್ಕೆ ಅಡ್ಡಿಯಾಗಬಾರದು ಅಷ್ಟೆ ಎಂದಿದೆ. ಆಕಾಶದಲ್ಲಿ ಸಲ್ಲುವುದು ನಿನ್ನ ಮೀಟಿಂಗ್ ರೂಮಿನಲ್ಲಿ ಸಲ್ಲದೇ ಹೋದೀತೇ?

ಇಂಗ್ಲಿಷ್ ಮನೆಮಾತಾಗಿರುವವರು ಜಗತ್ತಿನಲ್ಲಿ ಸುಮಾರು 40 ಕೋಟಿ. ಕಲಿತು ಆಡುವವರು ಅದರ ಎರಡು ಪಟ್ಟಿಗೂ ಹೆಚ್ಚು. ಶ್ರೀನಗರದಲ್ಲಿ ಹುಟ್ಟಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ ಬ್ರಜ್ ಕಚ್ರು 1985ರಲ್ಲಿ ಇದನ್ನು ಮೂರು ವರ್ತುಲಗಳಾಗಿ ಬಿಡಿಸಿ ತೋರಿಸಿದರು: ಒಳಗೆ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದಂಥ ನಾಡುಗಳು, ಅದರ ಸುತ್ತ ವಸಾಹತಾಗಿದ್ದು ಇಂಗ್ಲಿಷನ್ನು ತಮ್ಮ ಆಡಳಿತ, ಶಿಕ್ಷಣಗಳಲ್ಲಿ ಉಳಿಸಿಕೊಂಡ ಭಾರತ, ನೈಜೀರಿಯಾ, ಫಿಲಿಪ್ಪೀನ್ಸ್, ಸಿಂಗಪುರ, ಹೊರಗೆ ಅದನ್ನು ಪರಭಾಷೆಯಾಗಿ ಕಲಿಯುವ ಚೀನಾ, ಜಪಾನಿನಂಥವು. ನಡುವಿನ ವರ್ತುಲದವರು ತಮ್ಮ ಇಂಗ್ಲಿಷಿಗೆ ತಾವೇ ರೂಪ ಕೊಟ್ಟುಕೊಳ್ಳುತ್ತಾರೆ, ಅದನ್ನು ತಪ್ಪುಗಳ ಮೂಟೆ ಎಂದು ನೋಡಬಾರದು ಎಂಬುದು ಅವರ ವಾದದ ತಿರುಳು. ನನಗೆ ಪೂರ್ತಿ ಒಪ್ಪಿಗೆ. ನೈಜೀರಿಯಾದ ಲಾಗೋಸಿನ ಬೀದಿಯ ಬೆರಕೆ ಇಂಗ್ಲಿಷಾದ ಪಿಡ್ಜಿನ್ನಿನಲ್ಲಿ 2017ರಿಂದ ಬಿಬಿಸಿಯೇ ಸುದ್ದಿ ಕೊಡುತ್ತಿದೆ. ನಿನ್ನ ಫಿಲಿಪ್ಪೀನ್ಸಿನ ಗೆಳತಿಯ ಇಂಗ್ಲಿಷಿನಲ್ಲಿ ಅಮೆರಿಕದ ಛಾಯೆ ಕಂಡರೆ ಅದಕ್ಕೂ ಚರಿತ್ರೆ ಇದೆ: 1898ರ ನಂತರ ಆ ನಾಡು ಅಮೆರಿಕದ ಕೈಗೆ ಹೋಯಿತು, 1901ರಿಂದ ಅಮೆರಿಕದ ಮೇಷ್ಟ್ರುಗಳು ಹಡಗಿನಲ್ಲಿ ಬಂದು ಶಾಲೆಗಳಲ್ಲಿ ಕಲಿಸಿದರು. ಯಾರ ಇಂಗ್ಲಿಷ್ ಕೇಳಿದರೂ ಅವರ ಊರಿಗೆ ಅದು ಯಾರ ಕೈಯಲ್ಲಿ ಬಂತು ಎಂಬುದು ಕೇಳಿಸುತ್ತದೆ.

ಇದೆಲ್ಲ ಸರಿ, ಆದರೆ ಅವಮಾನವೇ ಆಗುವುದಿಲ್ಲ ಎಂದು ನಾನು ಹೇಳಲಾರೆ. ಬಾಡಿಗೆ ಮನೆಗೆ ಫೋನ್ ಮಾಡಿದಾಗ ನಿನ್ನ ದನಿ ಕೇಳಿದ ಕೂಡಲೇ ಮನೆ ಕೊಟ್ಟಾಯಿತು ಎನ್ನುವವರು ಸಿಗಬಹುದು. ನಮ್ಮ ಮಾತಿನ ಧಾಟಿಯನ್ನು ಅಣಕಿಸಿ ನಗುವವರೂ ಇದ್ದಾರೆ. ಅದು ನೋಯಿಸುತ್ತದೆ, ನೋಯಿಸಬೇಕಾದದ್ದೇ. ಆ ಕಾಯಿಲೆಗೆ ಉಚ್ಚಾರಣೆಯ ತರಗತಿ ಮದ್ದಲ್ಲ, ಏಕೆಂದರೆ ಅಲ್ಲಿ ತೊಂದರೆ ಇರುವುದು ನಿನ್ನ ನಾಲಿಗೆಯಲ್ಲಲ್ಲ. ಹಾಗೆಯೇ ನಮ್ಮವರೂ ಬಂದ ಹೊಸದರಲ್ಲಿ ಟ್ಯಾಕ್ಸಿ ಚಾಲಕರ ಇಂಗ್ಲಿಷನ್ನು ಮನೆಗೆ ಬಂದು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಆ ಚಾಲಕ ಹೊಕ್ಕಿಯೆನ್, ಮಲಯ್, ಮ್ಯಾಂಡರಿನ್, ಇಂಗ್ಲಿಷ್ ನಾಲ್ಕರಲ್ಲೂ ದಿನದ ವ್ಯವಹಾರ ಮಾಡಬಲ್ಲವನಾಗಿರುತ್ತಾನೆ. ಅವನನ್ನು ಆಡಿಕೊಳ್ಳುವುದು ಸಣ್ಣತನ.

ಮಗಳ ‘ಕೆಟ್ಟ ಇಂಗ್ಲಿಷ್’. ಈ ಜಗಳ ನಿನಗಿಂತ ಮೊದಲು ಇಡೀ ದೇಶವೇ ಆಡಿದೆ. 1999ರಲ್ಲಿ ಈ ದೇಶದ ಮೊದಲ ಪ್ರಧಾನಿಯಾಗಿದ್ದ ಲೀ ಕ್ವಾನ್ ಯೂ, ಸಿಂಗ್ಲಿಷ್ ನಮ್ಮ ಜನರಿಗೆ ಬೇಡವಾದ ಅಡ್ಡಿ ಎಂದರು. ಮರುವರ್ಷ ಪ್ರಧಾನಿ ಗೋ ಚೋಕ್ ಟಾಂಗ್ ‘ಒಳ್ಳೆಯ ಇಂಗ್ಲಿಷ್ ಮಾತಾಡಿ’ ಎಂಬ ಆಂದೋಲನ ಶುರುಮಾಡಿದರು. ಹೊರಗಿನವರಿಗೆ ಅರ್ಥವಾಗದ ಇಂಗ್ಲಿಷ್ ಆದರೆ ವ್ಯಾಪಾರದಿಂದ ಬದುಕುವ ಈ ಪುಟ್ಟ ನಾಡಿಗೆ ಉಳಿಗಾಲವಿಲ್ಲ ಎಂಬ ಭಯ ಅದರ ಹಿಂದೆ ಇತ್ತು. ಅದನ್ನು ನಾನು ಹಗುರವಾಗಿ ನೋಡುವುದಿಲ್ಲ. ಇನ್ನೊಂದು ಕಡೆ, 1967ರಿಂದ ಇಲ್ಲಿನ ಗಂಡುಮಕ್ಕಳಿಗೆಲ್ಲ ಕಡ್ಡಾಯ ಸೈನಿಕ ಸೇವೆ. ಚೀನೀ, ಮಲಯ್, ತಮಿಳು ಹುಡುಗರು ಒಂದೇ ಬ್ಯಾರಕ್ಕಿನಲ್ಲಿ ಮಲಗೆದ್ದು ಆಡುವ ಮಾತು ಸಿಂಗ್ಲಿಷೇ. ಯಾವ ಜನಾಂಗದ್ದೂ ಅಲ್ಲದ, ಆದರೆ ಎಲ್ಲರಿಗೂ ನಮ್ಮದು ಎನಿಸುವ ಮಾತು ಈ ನೆಲದಲ್ಲಿ ಅದೊಂದೇ. ಅದನ್ನು ಅವರು ಬಿಡಲಿಲ್ಲ. ‘ಲಾ’ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ 2000ದಲ್ಲೇ ಸೇರಿತು, ತಾನೆಲ್ಲಿ ಹಿಂದುಳಿಯುತ್ತೇನೋ ಎಂಬ ಆತಂಕವನ್ನು ಹೇಳುವ ‘ಕಿಯಾಸು’ 2007ರಲ್ಲಿ, 2016ರಲ್ಲಿ ಇನ್ನೊಂದಿಷ್ಟು ಪದಗಳು ಒಟ್ಟಿಗೇ ಸೇರಿದವು.

ನನ್ನ ಅಭಿಪ್ರಾಯ ಕೇಳಿದರೆ, ಚಿಂತೆ ಮಾಡಬೇಕಾದದ್ದು ಸಿಂಗ್ಲಿಷ್ ಬಿಟ್ಟು ಬೇರೇನೂ ಬಾರದ ಮಗುವಿನ ಬಗ್ಗೆ. ಪುಸ್ತಕ ಇರುವ ಮನೆಯ, ಶಾಲೆಗೆ ಹೋಗುವ ಮಗುವಿಗೆ ಎರಡೂ ಬರುತ್ತವೆ. ನಿನ್ನ ಆಫೀಸಿನಲ್ಲೇ ನೋಡು, ಊಟದ ಮೇಜಿನಲ್ಲಿ ‘ಲಾ’, ‘ಲೋರ್’ ಎನ್ನುತ್ತಿದ್ದ ಹುಡುಗಿ ಗ್ರಾಹಕರ ಕರೆ ಬಂದ ಕೂಡಲೇ ತಿದ್ದಿ ತೀಡಿದ ಇಂಗ್ಲಿಷಿಗೆ ಬದಲಾಗುತ್ತಾಳೆ, ಫೋನ್ ಇಟ್ಟ ಮೇಲೆ ಮತ್ತೆ ಹಿಂದಕ್ಕೆ. ಅಜ್ಜಿಯ ಹತ್ತಿರ ಒಂದು ಕನ್ನಡ, ಭಾಷಣಕ್ಕೆ ನಿಂತಾಗ ಒಂದು ಕನ್ನಡ ಆಡುವ ನಮಗೆ ಇದು ಹೊಸದೇ? ನಿನ್ನ ಮಗಳ ‘ಲಾ’ ಅವಳಿಗೆ ಗೆಳತಿಯರನ್ನು ಸಂಪಾದಿಸಿಕೊಡುತ್ತಿದೆ. ಅವರ ಎದುರಿಗೆ ತಿದ್ದಬೇಡ. ರಾತ್ರಿ ಒಳ್ಳೆಯ ಪುಸ್ತಕ ಓದಿ ಹೇಳು, ಬರವಣಿಗೆಯಲ್ಲಿ ತಪ್ಪು ಬಂದರೆ ಅಲ್ಲಿ ತಿದ್ದು.

ನನಗೆ ನಿಜವಾದ ಕಳವಳ ಇರುವುದು ಬೇರೆ ಕಡೆ. 1965ರಲ್ಲಿ ಈ ದೇಶ ಮಲೇಷ್ಯಾದಿಂದ ಬೇರೆಯಾದಾಗ ಇಲ್ಲಿ ಇಂಗ್ಲಿಷ್ ಮನೆಮಾತಾಗಿದ್ದವರು ಬಹಳ ಕಡಿಮೆ. ಸಂತೆಯಲ್ಲಿ ಎಲ್ಲರನ್ನೂ ಬೆಸೆಯುತ್ತಿದ್ದದ್ದು ಬಜಾರ್ ಮಲಯ್, ಚೀನೀಯರ ನಡುವೆ ಹೊಕ್ಕಿಯೆನ್. ಮಲಯ್, ಮ್ಯಾಂಡರಿನ್, ತಮಿಳು, ಇಂಗ್ಲಿಷ್ ನಾಲ್ಕನ್ನೂ ಅಧಿಕೃತ ಭಾಷೆಗಳೆಂದು ಇಟ್ಟುಕೊಂಡರು. ಯಾವ ಜನಾಂಗದ್ದೂ ಅಲ್ಲ, ಹೊಟ್ಟೆಪಾಡಿಗೂ ಆಗುತ್ತದೆ ಎಂದು ಇಂಗ್ಲಿಷ್ ಮುಂದೆ ಬಂತು. ಬೇರೆ ಮಾಧ್ಯಮದ ಶಾಲೆಗಳಿಂದ ತಂದೆತಾಯಿಗಳೇ ಮಕ್ಕಳನ್ನು ಬಿಡಿಸಿ ಇಂಗ್ಲಿಷ್ ಶಾಲೆಗೆ ಸೇರಿಸಿದರು, 1987ರ ಹೊತ್ತಿಗೆ ಎಲ್ಲ ಶಾಲೆಗಳ ಮಾಧ್ಯಮವೂ ಇಂಗ್ಲಿಷ್ ಆಯಿತು. ಈ ನಡುವೆ 1979ರಲ್ಲಿ ಚೀನೀಯರೆಲ್ಲ ಮ್ಯಾಂಡರಿನ್ ಆಡಬೇಕೆಂಬ ಆಂದೋಲನ ಬಂದು ಹೊಕ್ಕಿಯೆನ್, ಟಿಯೋಚ್ಯೂ ನುಡಿಗಳ ಕಾರ್ಯಕ್ರಮಗಳು ಟಿವಿ, ರೇಡಿಯೋದಿಂದ ಮರೆಯಾದವು. ಜನಗಣತಿಯ ಲೆಕ್ಕ ಹೇಳುತ್ತೇನೆ ಕೇಳು. ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷನ್ನೇ ಆಡುವವರು 2010ರಲ್ಲಿ ಶೇ 32.3, 2020ರಲ್ಲಿ ಶೇ 48.3. ಚೀನೀ ಒಳನುಡಿಗಳು ಶೇ 14.3ರಿಂದ 8.7ಕ್ಕೆ ಇಳಿದವು. ತಮಿಳು ಅಧಿಕೃತ ಭಾಷೆ, ಶಾಲೆಯಲ್ಲಿದೆ, ಟಿವಿಯಲ್ಲಿದೆ, ಆದರೂ 3.3ರಿಂದ 2.5ಕ್ಕೆ ಬಂತು.

ಈ ಅಂಕಿಗಳಿಗೆ ಮುಖ ಬೇಕಾದರೆ ನಿನ್ನ ಕಟ್ಟಡದ ಕೆಳಗಿನ ತೆರೆದ ಜಾಗ, ಅಂದರೆ ವಾಯ್ಡ್ ಡೆಕ್‌ನಲ್ಲಿ ಸಂಜೆ ಕೂತು ನೋಡು. ಹೊಕ್ಕಿಯೆನ್ ಬಿಟ್ಟು ಬೇರೆ ಭಾಷೆ ಸರಿಯಾಗಿ ಬಾರದ ಅಜ್ಜಿ, ಇಂಗ್ಲಿಷೂ ಶಾಲೆಯ ಮ್ಯಾಂಡರಿನ್ನೂ ಮಾತ್ರ ಬರುವ ಮೊಮ್ಮಗು. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರಾಣ. ‘ಉಂಡೆಯಾ’, ‘ಮಲಗು’, ‘ಬಾ’ ಇಷ್ಟು ನಡೆಯುತ್ತದೆ. ಅಜ್ಜಿ ಯಾವ ಕಷ್ಟ ದಾಟಿ ಬಂದಳೆಂಬುದನ್ನು ಆ ಮಗು ಅವಳ ಬಾಯಿಂದ ಎಂದೂ ಕೇಳಲಾರದು. ಇದಕ್ಕೆ ಎರಡು ತಲೆಮಾರು ಸಾಕಾಯಿತು. ನಮ್ಮ ಕನ್ನಡದ ಮನೆಗಳಲ್ಲಿ ಅದಕ್ಕಿಂತ ಬೇಗ ಆಗುತ್ತಿದೆ. ತಾಯಿ ಕನ್ನಡದಲ್ಲಿ ಕೇಳುತ್ತಾಳೆ, ಮಗು ಇಂಗ್ಲಿಷಿನಲ್ಲಿ ಉತ್ತರಿಸುತ್ತದೆ, ತಾಯಿಯೂ ನಿಧಾನಕ್ಕೆ ಇಂಗ್ಲಿಷಿಗೆ ತಿರುಗುತ್ತಾಳೆ. ನೀನು ‘ಮಗಳ ಇಂಗ್ಲಿಷ್ ಕೆಡದಿರಲಿ ಎಂದು ಮನೆಯಲ್ಲೂ ಇಂಗ್ಲಿಷ್ ಶುರುಮಾಡಿದ್ದೇವೆ’ ಎಂದು ಪತ್ರದ ನಡುವೆ ಒಂದು ಸಾಲು ಬರೆದಿದ್ದೀಯಲ್ಲ, ದಯವಿಟ್ಟು ನಾಳೆಯಿಂದಲೇ ಅದನ್ನು ನಿಲ್ಲಿಸು. ಇಂಗ್ಲಿಷ್ ಅವಳಿಗೆ ಶಾಲೆಯಿಂದ, ಬಸ್ಸಿನಿಂದ, ಟಿವಿಯಿಂದ, ಎಲ್ಲ ಕಡೆಯಿಂದ ಬರುತ್ತದೆ. ಕನ್ನಡ ಬರುವುದು ನಿಮ್ಮಿಬ್ಬರ ಬಾಯಿಂದ ಮಾತ್ರ. ಅವಳು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಬೈಯಬೇಡ, ನೀನು ಕನ್ನಡದಲ್ಲೇ ಮುಂದುವರಿಸು. ಅಕ್ಷರವನ್ನೂ ಈಗಲೇ ಕಲಿಸು. ಓದಲು ಬಾರದ ಭಾಷೆ ಹದಿಹರೆಯಕ್ಕೆ ಬರುವಾಗ ಅಡುಗೆಮನೆಯ ಮಾತಾಗಿ ಉಳಿಯುತ್ತದೆ. ಅವಳ ಅಜ್ಜಿ ತಾತನ ಜೊತೆ ವಾರಕ್ಕೊಮ್ಮೆಯಾದರೂ ವಿಡಿಯೋ ಕರೆಯಲ್ಲಿ ಮಾತಾಡಲಿ, ನೀನು ನಡುವೆ ಕೂತು ಅನುವಾದ ಮಾಡಿಕೊಡಬೇಡ.

ಶಾಲೆಯ ಎರಡನೇ ಭಾಷೆ. ಇಲ್ಲಿ ಭಾರತೀಯ ಮಕ್ಕಳಿಗೆ ತಮಿಳು, ಇಲ್ಲವೇ ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು. ಕನ್ನಡ ಆ ಪಟ್ಟಿಯಲ್ಲಿ ಇಲ್ಲ. ನಮ್ಮವರು ಹೆಚ್ಚಾಗಿ ಹಿಂದಿಗೆ ಹೋಗುತ್ತಾರೆ, ಊರಿಗೆ ಮರಳಿದರೆ ಅನುಕೂಲ ಎಂದು. ಎರಡು ಮೂರು ವರ್ಷಕ್ಕೆ ವಾಪಸಾಗುವುದು ಖಚಿತವಾಗಿದ್ದರೆ ಹಿಂದಿಯೇ ಇರಲಿ. ಇಲ್ಲೇ ನಿಲ್ಲುವ ಯೋಚನೆಯಿದ್ದರೆ ತಮಿಳು ಕೊಡಿಸು ಎನ್ನುತ್ತೇನೆ. ಅದು ಈ ನೆಲದ ಭಾಷೆ, ರಸ್ತೆಬದಿಯ ಎಚ್ಚರಿಕೆಯ ಫಲಕದಲ್ಲೂ ಕಾಣುತ್ತದೆ. ಕನ್ನಡ ಆಡುವ ಮಗುವಿಗೆ ಅದರ ವಾಕ್ಯರಚನೆ ಅರ್ಧ ಗೊತ್ತಿರುವಂಥದ್ದೇ. ತಮಿಳು ಗಟ್ಟಿಯಾದಷ್ಟೂ ಮನೆಯ ಕನ್ನಡಕ್ಕೆ ಊರುಗೋಲು ಸಿಗುತ್ತದೆ. ಹಿಂದಿ ಮತ್ತಿತರ ಭಾಷೆಗಳ ಪಾಠ ಅನೇಕರಿಗೆ ವಾರಾಂತ್ಯದಲ್ಲಿ, ಸಮುದಾಯದವರು ನಡೆಸುವ ಕೇಂದ್ರಗಳಲ್ಲಿ ಇರುತ್ತದೆ. ಆ ಓಡಾಟವನ್ನೂ ಲೆಕ್ಕಕ್ಕೆ ತೆಗೆದುಕೋ. ನಿನ್ನ ಯಜಮಾನರ ಜೊತೆ ಕೂತು, ಇಲ್ಲಿ ಎಷ್ಟು ಕಾಲ ಇರುತ್ತೀರಿ ಎಂಬುದನ್ನು ಮೊದಲು ತೀರ್ಮಾನಿಸಿ. ಆಮೇಲೆ ಶಾಲೆಯವರನ್ನು ತಡಮಾಡದೆ ಕೇಳಿ. ಒಮ್ಮೆ ಒಂದು ಭಾಷೆಗೆ ಹೆಸರು ಕೊಟ್ಟು ವರ್ಷಗಳು ಕಳೆದ ಮೇಲೆ ಬದಲಿಸುವುದು ಮಗುವಿಗೇ ಕಷ್ಟ.